ಮಡಿಸೀರೆ ಏರಿದ ಹಳ್ಳದ ಹುಳ

ಈ ಮಳೆಗಾಲ ಮುಗಿಯುವುದರೊಳಗೆ ಹಳ್ಳದ ನೀರಿನ ಒಂದೊಂದು ಹುಳವನ್ನೂ ಕಂಡ ಕೂಡಲೇ ಹೆಸರು ಹಿಡಿದು ಕರೆಯುತ್ತೇನೆಂದು ನಾನು ಪಣ ತೊಟ್ಟೆ! ಮಲ್ಕಾಜ್‌ಗಿರಿಯಲ್ಲಿ ಹಕ್ಕಿ ನೋಡುವವರು ಗಲ್ಲಿಗೊಬ್ಬರಿದ್ದಾರೆ. ಹುಳದ ಪಂಡಿತ ಮಾತ್ರ ನಾನು, ಈ ವಾಸುದೇವ, ಒಬ್ಬನೇ!

ಭಾನುವಾರ ವಿಕಾರಾಬಾದಿನ ಗುಡ್ಡದ ಹಳ್ಳಕ್ಕೆ ಹೋದೆವು. ನಮ್ಮ ಪ್ರಕೃತಿ ವೀಕ್ಷಣೆಯ ತಂಡದ ಮುಖ್ಯಸ್ಥ, ತರುಣ ಎಂಬವನು, ದೊಡ್ಡ ನೀರುಹುಳಗಳಲ್ಲಿ ಒಂದು ಜಾತಿ ಕಚ್ಚಿದರೆ ದಿನವಿಡೀ ಕೈ ಉರಿಯುತ್ತದೆ ಎಂದು ಎಚ್ಚರಿಸಿದ. ನಾನು ಚಹಾ ಸೋಸುವ ಜಾಳಿಗೆಯಲ್ಲಿ ಹಿಡಿದ ಹುಳ ದೊಡ್ಡದಿತ್ತು. ಆದ್ದರಿಂದ ಇದು ಅದೇ! ಯಾರನ್ನೂ ಕೇಳದೆ ಉಪ್ಪಿನಕಾಯಿ ಬಾಟಲಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಮನೆಗೆ ತಂದೆ.

ಮರುದಿನ ಬೆಳಿಗ್ಗೆ ನೋಡಿದರೆ ಬಟ್ಟೆ ಸಡಿಲವಾಗಿತ್ತು, ಬಾಟಲಿಯಲ್ಲಿ ಬರೀ ನೀರು. ನೀರುಹುಳಕ್ಕೆ ರೆಕ್ಕೆಯೂ ಇರುತ್ತದೆಂದು ಈ ಪಂಡಿತನಿಗೆ ಆಗಲೇ ತಿಳಿದದ್ದು. ಮಂಚದ ಕೆಳಗೆ, ಚಪ್ಪಲಿಯೊಳಗೆ ಹುಡುಕಿ ಹುಡುಕಿ ಸಾಕಾಯಿತು. ಕೊನೆಗೆ ಒಳಕೋಣೆಯಲ್ಲಿ ಕಂಡಿತು. ಮಗಳನ್ನು ನೋಡಲು ಬಂದಿದ್ದ ಅತ್ತೆ ಎತ್ತರದ ಬಿದಿರ ಗಳಕ್ಕೆ ಒಣಹಾಕಿದ್ದ ಮಡಿಸೀರೆಯ ಮೇಲೆ ಹಾಯಾಗಿ ಕೂತಿತ್ತು.

ಬಚ್ಚಲಲ್ಲಿ ಅತ್ತೆಯ ಸ್ನಾನ ನಡೆದಿತ್ತು. ಹಿಂದಿನ ದಿನ ಏಕಾದಶಿ, ಹನಿ ನೀರೂ ಮುಟ್ಟದ ಹಿರಿಯ ಜೀವ. ಇನ್ನು ಹೊರಬಂದು ಆ ಸೀರೆ ಉಟ್ಟು, ಅಡುಗೆ ಮಾಡಿ, ದ್ವಾದಶಿ ಪಾರಣೆ ಮಾಡಬೇಕು. ಹುಳ ಅಲ್ಲೇ ಇದ್ದರೆ ಅವರನ್ನು ಕಚ್ಚುತ್ತದೆ. ಸ್ನಾನವಾಗದ ನಾನು ಸೀರೆ ಮುಟ್ಟಿದರೆ ಮಡಿ ಹೋಗಿ, ಬೇರೆ ಮಡಿಸೀರೆ ಒಣಗಿಲ್ಲದ ಕಾರಣ, ಇವತ್ತೂ ಅವರಿಗೆ ಉಪವಾಸವೇ. ಅತ್ತ ದರಿ, ಇತ್ತ ಪುಲಿ!

ಹೆಂಡತಿ ಮಂದಾಕಿನಿಗೆ ವಿಷಯ ಪಿಸುಗುಟ್ಟಿದೆ.

“ಸೀರಿ ಮುಟ್ಟಿದ್ರ, ನಿಮ್ಮನ್ನ ನಾನs ಹಳ್ಳಕ್ಕ ಬಿಟ್ಟು ಬರ್ತೀನಿ,” ಎಂದಳು.

“ನನ್ನ ಕಚ್ಚಿದ್ರ?”

“ತಂದವರು ಯಾರು? ತಲಿ ಮ್ಯಾಲೆ ನೀರು ಸುರಕೊಂಡು ಮಡೀಲೆ ಬರ್ರಿ. ಲಗೂ!”

ಬಾಲ್ಕನಿಯಲ್ಲಿ ತಣ್ಣೀರು ಸುರಿದುಕೊಂಡು ಒದ್ದೆ ಪಂಚೆಯಲ್ಲಿ ಬಂದೆ. ಗಡಗಡ ನಡುಗುತ್ತಿದ್ದೆ. ಅದರಲ್ಲಿ ಚಳಿಯ ಪಾಲು ಕಡಿಮೆ, ಹೆದರಿಕೆಯದೇ ಹೆಚ್ಚು. ಬಚ್ಚಲಲ್ಲಿ ನೀರಿನ ಸದ್ದು ನಿಂತಿತು. ಇನ್ನು ತಡಮಾಡುವಂತಿರಲಿಲ್ಲ. ಮಡಿಬಟ್ಟೆ ಇಳಿಸುವ ಮಡಿಕೋಲು ಎತ್ತಿ ಕಣ್ಣು ಮುಚ್ಚಿ ತಿವಿದೆ. ಹುಳ ಭರ್ರೆಂದು ಹಾರಿ ನನ್ನ ಎದೆಗೇ ಅಂಟಿಕೊಂಡಿತು!

ಅಲ್ಲಿಂದ ಓಡಿದವನು ದೇವರ ಕೋಣೆಯ ಮುಂದೆ ಬಂದು ನಿಂತೆ. ಕೈಯಿಂದ ಕೊಡವಲು ಧೈರ್ಯ ಸಾಲಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿ, ಕೈಮುಗಿದು, ಕೇಶವ, ನಾರಾಯಣ, ಮಾಧವ ಎಂದು ಜೀವಮಾನದಲ್ಲಿ ಒಮ್ಮೆಯೂ ಪೂರ್ತಿ ಹೇಳದ ನಾಮಗಳನ್ನೆಲ್ಲ ಕೂಗಿದೆ. ಮಂದಾಕಿನಿ ಯಾವಾಗ ಬಂದು ಹುಳವನ್ನು ಲೋಟದೊಳಗೆ ಬೀಳಿಸಿಕೊಂಡಳೋ, ಯಾವಾಗ ಅದರ ಫೋಟೊ ತರುಣನಿಗೆ ಕಳಿಸಿದಳೋ ನನಗೆ ಗೊತ್ತಾಗಲಿಲ್ಲ. ಕೊಳೆತ ಎಲೆ ತಿಂದು ಬದುಕುವ ಪಾಪದ ಜೀವಿ ಅದು, ಯಾರನ್ನೂ ಕಚ್ಚುವುದಿಲ್ಲ ಎಂದು ಅವನಿಂದ ಉತ್ತರವೂ ಬಂದಿತ್ತಂತೆ.

ಕಣ್ಣು ತೆರೆದಾಗ ಅತ್ತೆ ಮಡಿಸೀರೆ ಉಟ್ಟು ಎದುರಿಗೇ ನಿಂತಿದ್ದರು. ಕಣ್ಣಲ್ಲಿ ನೀರು. ಅಂದು ಸಂಜೆಯ ರೈಲಿಗೆ ಅವರು ಕಲಬುರಗಿಗೆ ಹೊರಡುವವರಿದ್ದರು.

“ಮಂದಾ, ನನ್ನ ಟಿಕೀಟು ಕ್ಯಾನ್ಸಲ್ ಮಾಡಿಸು,” ಎಂದರು. “ಅಳಿಯಂದ್ರು ಇಷ್ಟು ಮಡಿವಂತರು ಅಂತ ನನಗ ಗೊತ್ತs ಇರಲಿಲ್ಲ. ಚಾತುರ್ಮಾಸ ಮುಗಿಯೂತನಕ ಇಲ್ಲೇ ಇರ್ತೀನಿ. ದಿನಾ ಮುಂಜಾನೆ ಮಡಿನೀರು ಇವರs ತುಂಬಲಿ.”