ಬಾಲ್ಕನಿಯ ಮುಕ್ತ ವ್ಯಾಪಾರ ವಲಯ

ಎಷ್ಟೋ ಊರುಗಳಲ್ಲಿ ಕೆಲಸ ಮಾಡಿದ್ದೇನೆ. ನಾನು ಪೆಟ್ಟಿಗೆ ಬಿಚ್ಚುವಷ್ಟರಲ್ಲಿ ಅಲ್ಲೊಂದು ಎಡವಟ್ಟು ಶುರುವಾಗಿರುತ್ತದೆ. ಡಾಟ್‌ಕಾಂ ಭರಾಟೆಯ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಮ್ಮ ಪುಟ್ಟ ಕಂಪನಿ, ಆಗ್ನೇಯ ಏಷ್ಯಾದ ಐದು ನೆರೆದೇಶಗಳ ವರ್ತಕರನ್ನು ಒಂದೇ ವೆಬ್‌ಸೈಟಿನಲ್ಲಿ ಕೂಡಿಸಲು ಹೊರಟಿತ್ತು. ದೇಶಕ್ಕೊಬ್ಬರಂತೆ ಪ್ರತಿನಿಧಿಗಳು ಬಂದಿಳಿದಿದ್ದರು. ಶುಕ್ರವಾರದೊಳಗೆ ಐವರೂ ಸಹಿ ಹಾಕದಿದ್ದರೆ ಕಂಪನಿಗೆ ಬೀಗ, ನನ್ನ ಕೆಲಸ ಹೋಯಿತು, ಅದರ ಬೆನ್ನಿಗೇ ವೀಸಾ.

೧. ಬೇಡ ಅನ್ನದವರು

ಸೋಮವಾರದ ಮೀಟಿಂಗಿನಲ್ಲಿ ಐವರೂ ನಕ್ಕರು, ತಲೆಯಾಡಿಸಿದರು, "ಬಹಳ ಒಳ್ಳೆಯ ಯೋಚನೆ" ಅಂದರು. ಟೆಕ್ಸಾಸ್ ಕಡೆಯ ನಮ್ಮ ಬಾಸು ಕುಣಿದಾಡಿಬಿಟ್ಟ. "ನೋಡಿದೆಯಾ, ಒಬ್ಬರೂ ಬೇಡ ಅನ್ನಲಿಲ್ಲ!"

"ನಮ್ಮ ಕಡೆ ಹೆಣ್ಣು ನೋಡೋಕೆ ಬಂದವರೂ ಬೇಡ ಅನ್ನಲ್ಲ. ಉಪ್ಪಿಟ್ಟು ಚೆನ್ನಾಗಿದೆ, ಊರಿಗೆ ಹೋಗಿ ಕಾಗದ ಬರೀತೀವಿ ಅಂತಾರೆ."

"ಆಮೇಲೆ?"

"ಹನ್ನೊಂದು ಮನೆಯವರಿಗೆ ನನ್ನ ಉಪ್ಪಿಟ್ಟು ಇಷ್ಟವಾಗಿತ್ತು."

೨. ಮೊದಲ ಒಮ್ಮತ

ಬುಧವಾರದವರೆಗೂ ಒಬ್ಬರನ್ನೊಬ್ಬರು ಹೊಗಳಿದ್ದೇ ಬಂತು. ಅವತ್ತು ಮಧ್ಯಾಹ್ನ ಬಾಸು ತಣ್ಣನೆಯ ಸ್ಯಾಂಡ್‌ವಿಚ್ ತರಿಸಿದ. ಐವರೂ ಮೇಲಿನ ಬ್ರೆಡ್ಡು ಎತ್ತಿ, ಒಳಗೆ ಇಣುಕಿ, ಮೆಲ್ಲಗೆ ಮುಚ್ಚಿದರು. ಮಲೇಷ್ಯಾದಾಕೆ ಎಲ್ಲರ ಪರವಾಗಿ ಕೇಳಿದಳು: "ತಿಂಡಿ ಆಯಿತು. ಅನ್ನ ಎಷ್ಟು ಹೊತ್ತಿಗೆ?"

ಐದು ದೇಶಗಳು ಒಂದು ಮಾತಿಗೆ ಬಂದದ್ದು ಅದೇ ಮೊದಲು.

೩. ಗಡಿ ಕಾವಲು

ಗುರುವಾರ ಸಂಜೆ ಐವರನ್ನೂ ನನ್ನ ಅಪಾರ್ಟ್‌ಮೆಂಟಿಗೆ ಕರೆದೆ. ಮೈಸೂರಿಂದ ಬಂದಿದ್ದ ಅಮ್ಮ ಅನ್ನ, ಸಾರು ಮಾಡಿದ್ದಳು. ಅತಿಥಿಗಳೂ ಬರಿಗೈಲಿ ಬರಲಿಲ್ಲ: ಮೀನಿನ ಸಾಸು, ಒಣ ಸೀಗಡಿ. ಅಮ್ಮ ಸೌಟು ಹಿಡಿದು ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತಳು.

"ಅಮ್ಮಾ, ಇವರು ಸಹಿ ಹಾಕದಿದ್ರೆ ನಾನು ಮೈಸೂರಿಗೆ ವಾಪಸ್ಸು."

ಮತ್ತೆ ಉಪ್ಪಿಟ್ಟು ಮಾಡುವ ದಿನಗಳು ಅಮ್ಮನ ಕಣ್ಣೆದುರು ಬಂದಿರಬೇಕು. "ಬಾಲ್ಕನೀಲಿ ಬೇಯಿಸ್ಕೊಳ್ಳಲಿ. ಹುಣಸೆಹಣ್ಣು, ಕಾಯಿ, ಬೆಲ್ಲ ಇಲ್ಲಿಂದ ಹೋಗಬಹುದು. ಅಲ್ಲಿಂದ ಒಂದು ಚಮಚಾನೂ ಒಳಗೆ ಬರಕೂಡದು!"

ನಾನು ಅನುವಾದಿಸಿದೆ. ಸಿಂಗಪುರದವರು ಭಾವುಕರಾದರು: "ನಾಲ್ಕು ದಿನದಲ್ಲಿ ಕೇಳಿದ ಮೊದಲ ಸ್ಪಷ್ಟ ನೀತಿ ಇದು."

೪. ಆರನೇ ಸಹಿ

ಬಾಲ್ಕನಿಯಲ್ಲಿ ಒಂದು ಕರೆಂಟ್ ಒಲೆ, ಐದು ದೇಶ. ಥಾಯ್ಲೆಂಡಿನ ಮೀನಿನ ಸಾಸು, ಇಂಡೊನೇಷ್ಯಾದ ಸೀಗಡಿ, ನಮ್ಮ ಬೆಲ್ಲ ಒಂದೇ ಬಾಣಲಿಗೆ ಬಿದ್ದವು. ಹೊಟ್ಟೆ ತುಂಬಿದ ಮೇಲೆ ಕಾಗದ ಹೊರಬಂತು. "ನೀವು ಮೊದಲು", "ಛೆ, ನೀವು ಮೊದಲು" ಎನ್ನುತ್ತ ಅದು ಎರಡು ಸುತ್ತು ಖಾಲಿಯೇ ತಿರುಗಿತು.

ಅಮ್ಮ ಒಳಗಿಂದಲೇ ಕೂಗಿದಳು: "ಪಂಕ್ತೀಲಿ ಹಿರಿಯರು ಕೈ ಹಾಕದೆ ಯಾರು ಊಟ ಶುರುಮಾಡ್ತಾರೆ? ವಯಸ್ಸು ಕೇಳೇ!"

ಕೇಳಿದೆ. ವಿಯೆಟ್ನಾಮಿನ ಅಜ್ಜ ಸಹಿ ಹಾಕಿದರು. ಉಳಿದ ನಾಲ್ಕೂ ಸಹಿ ಒಂದೇ ನಿಮಿಷದಲ್ಲಿ ಬಿದ್ದವು.

ಶುಕ್ರವಾರ ಬಾಸು ಕೊನೆಯ ಹಾಳೆ ತಿರುವಿ ಹುಬ್ಬುಗಂಟಿಕ್ಕಿದ. ಕೆಳಗೊಂದು ಹೊಸ ಷರತ್ತು ಸೇರಿತ್ತು: ಮುಂದಿನ ಸಭೆಯೂ ಅದೇ ಬಾಲ್ಕನಿಯಲ್ಲಿ, ಸ್ಯಾಂಡ್‌ವಿಚ್ಚಿಗೆ ಪ್ರವೇಶವಿಲ್ಲ. ಅದರ ಕೆಳಗೆ ಕನ್ನಡದಲ್ಲಿ ದುಂಡಗಿನ ಒಂದು ಸಹಿ.

"ಐದೇ ದೇಶ ಅಲ್ಲವಾ? ಈ ಆರನೆಯದು ಯಾವುದು?"

"ಅಡುಗೆಮನೆ," ಅಂದೆ. "ಅಲ್ಲಿ ನಾವೆಲ್ಲ ವೀಸಾ ಮೇಲೇ ಇರೋದು."