ಇಬ್ಬರು ನೀಲವ್ವ, ಒಂದು ಗುಂಡಿ

ಶಿಗ್ಗಾಂವದ ನಮ್ಮ ದವಾಖಾನೆಯಲ್ಲಿ ರೋಗಿಗಳ ಚೀಟಿ ಹುಡುಕಿಕೊಡುವ ಕೆಲಸವನ್ನು ಇಪ್ಪತ್ತಾರು ವರ್ಷ ಮಾಡಿದವನು ನಾನು. ಮುಖ ನೋಡಿದರೆ ಸಾಕು, ಯಾರ ಚೀಟಿ ಯಾವ ಗಂಟಿನಲ್ಲಿದೆ ಎಂದು ಹೇಳುತ್ತಿದ್ದೆ. ಕಂಪ್ಯೂಟರ್ ಬಂದಾಗ ಅಷ್ಟೂ ಚೀಟಿಗಳನ್ನು ಅದರೊಳಗೆ ತುಂಬಿದವನೂ ನಾನೇ. ಮೂರು ತಿಂಗಳು, ಎರಡೇ ಬೆರಳು!

ತುಂಬಿ ಮುಗಿದ ಮೇಲೆ ಅದು ಕೇಳಿತು: 'ನೀಲವ್ವ, ತಡಸ. ಈ ಹೆಸರು ಎರಡು ಸಲ ಇದೆ. ಕೂಡಿಸಲೇ?' ಅಡ್ಡಹೆಸರು ಒಂದೇ, ಫೋನ್ ನಂಬರೂ ಒಂದೇ. ವಯಸ್ಸು ನೋಡಬೇಕಿತ್ತು. ನೋಡಲಿಲ್ಲ. ಜವಾಬ್ದಾರಿಯುತ ನೌಕರನಾಗಿ 'ಹೌದು' ಗುಂಡಿ ಒತ್ತಿದೆ.

ಮರುದಿನ ತಡಸದ ರೇಣವ್ವ ಜ್ವರ ಬಂದ ಮಗಳನ್ನು ಎತ್ತಿಕೊಂಡು ಬಂದಳು. ಚೀಟಿಯ ನಂಬರ್ ಒತ್ತಿದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ದಾಖಲೆ ನಮ್ಮ ಲೇಡಿ ಡಾಕ್ಟರ್ ಬಾಯಾರ ಮುಂದಿತ್ತು. ಬೆಂಚಿನ ಮೇಲಿದ್ದವರತ್ತ ಒಮ್ಮೆ ಹೆಮ್ಮೆಯಿಂದ ನೋಡಿದೆ. ಅಷ್ಟರಲ್ಲಿ ಬಾಯಾರು ನನ್ನನ್ನು ಒಳಗೆ ಕರೆದರು.

"ಐದ ವರ್ಷದ ಹುಡುಗಿಗೆ ಹನ್ನೆರಡ ವರ್ಷದಿಂದ ಶುಗರ್ ಐತಿ ಅಂತ ಬರ್ದೈತಲ್ರಿ?"

"ಕಂಪ್ಯೂಟರ್ ಸುಳ್ಳ ಹೇಳೂದಿಲ್ರಿ ಬಾಯಾರ," ಎಂದೆ.

ಹುಟ್ಟುವುದಕ್ಕೆ ಏಳು ವರ್ಷ ಮೊದಲೇ ಬಂದ ಕಾಯಿಲೆ! ಅದು ನನ್ನ ತಲೆಗೆ ಹೋಗುವಷ್ಟರಲ್ಲಿ ರೇಣವ್ವ ಮಗಳನ್ನು ಅವಚಿಕೊಂಡು ಅಳತೊಡಗಿದ್ದಳು. ಬಾಯಾರು ಮಗುವಿನ ಹೆಸರು ಕೇಳಿದರು.

"ಅವ್ವಿ ಅಂತ ಕರೀತೇವ್ರಿ," ಎಂದಳು ರೇಣವ್ವ. "ಖರೇ ಹೆಸರ ನಮ್ಮ ಅತ್ತಿದ ಐತ್ರಿ. ನಾ ಹೆಂಗ ಹೇಳ್ಲಿ?"

ಅಜ್ಜಿಯ ಹೆಸರು ಮೊಮ್ಮಗಳಿಗೆ. ಸೊಸೆ ಅತ್ತೆಯ ಹೆಸರು ಹೇಳುವಂತಿಲ್ಲ, ಹಾಗಾಗಿ ಮಗುವನ್ನು ನೀಲವ್ವ ಎಂದು ಕರೆದದ್ದು ನಾನು ಒಮ್ಮೆಯೂ ಕೇಳಿರಲಿಲ್ಲ. ಇಬ್ಬರನ್ನೂ ಒಬ್ಬಳನ್ನಾಗಿ ಮಾಡಿಬಿಟ್ಟಿದ್ದೆ.

ಹಳೆಯ ಚೀಟಿಯಾಗಿದ್ದರೆ ತಪ್ಪನ್ನು ಇಲಿಯ ಮೇಲೆ ಹಾಕಬಹುದಿತ್ತು. ಕಂಪ್ಯೂಟರ್ ಮಾತ್ರ ಯಾರು ಕೂಡಿಸಿದರು, ಎಷ್ಟು ಗಂಟೆಗೆ ಎಂದು ನನ್ನ ಪೂರ್ಣ ಹೆಸರಿನ ಸಮೇತ ತೋರಿಸಿತು! ಆದರೆ ಎರಡೂ ದಾಖಲೆಗಳನ್ನು ಜೋಪಾನವಾಗಿ ಇಟ್ಟುಕೊಂಡಿತ್ತು. ಇನ್ನೊಂದು ಗುಂಡಿಗೆ ಅಜ್ಜಿ, ಮೊಮ್ಮಗಳು ಬೇರೆಯಾದರು. ಇಲಿ ತಿಂದದ್ದು ಎಂದೂ ಮರಳಿ ಬಂದಿರಲಿಲ್ಲ. ಅದಕ್ಕೇ ಆ ಯಂತ್ರದ ಮೇಲೆ ನನಗೆ ಈಗಲೂ ಅಭಿಮಾನ. ರೇಣವ್ವನ ಕ್ಷಮೆ ಕೇಳಿದೆ. ಅವಳು ಕಣ್ಣೊರೆಸಿಕೊಂಡು ನಕ್ಕಳು.

ಸಂಜೆ ಹೆಂಡತಿ ಗಿರಿಜೆಯ ಮುಂದೆ, ಒಂದೇ ಮನೆಯಲ್ಲಿ ಇಬ್ಬರಿಗೆ ಒಂದೇ ಹೆಸರಿರುತ್ತದೆಂದು ಯಾರಿಗೆ ಹೊಳೆಯಬೇಕು ಎಂದು ವಾದಿಸಿದೆ. ಅವಳು ರೊಟ್ಟಿ ಬಡಿಯುತ್ತಲೇ ಕೇಳಿದಳು:

"ನಿಮ್ಮ ಹೆಸರ ಯಾರದ್ರಿ?"

ನಮ್ಮಜ್ಜನದು. ಅಜ್ಜ ತೀರಿಕೊಂಡು ನಲವತ್ತು ವರ್ಷವಾಯಿತು. ಮರುದಿನ ದವಾಖಾನೆಯಲ್ಲಿ ಎಲ್ಲಕ್ಕಿಂತ ಮೊದಲು ನನ್ನ ದಾಖಲೆ ತೆಗೆದು ನೋಡಿದೆ. ಇನ್ನೂ ಬದುಕಿದ್ದೆ!