ನಾದಿನಿಯ ಬಿಲ್ಲುಗಾರ್ತಿಯನ್ನು ಕೊಂದ ಭಾನುವಾರ

ಭಾನುವಾರ ಮಧ್ಯಾಹ್ನ ಎರಡಕ್ಕೆ ಕೂತು ಮೂರಕ್ಕೆ ಏಳುವಷ್ಟರಲ್ಲಿ, ನನ್ನ ಹೆಂಡತಿ ಮೂರು ವರ್ಷದಿಂದ ಎಳೆಯುತ್ತಿರುವ ಆಟವನ್ನು ಮುಗಿಸಿ ಕೈತೊಳೆದುಕೊಳ್ಳುತ್ತೇನೆ ಎಂದು ನಾನು ಘೋಷಿಸಿದಾಗ ಮನೆಯಲ್ಲಿ ಯಾರೂ ನಗಲಿಲ್ಲ. ಅದನ್ನು ನಾನು ಗೌರವ ಎಂದುಕೊಂಡೆ.

ನಾನು ಬೀಗದ ವ್ಯಾಪಾರಿ. ಬೀಗ, ಚಿಲಕ, ಬಾಗಿಲ ಹಿಡಿ, ಕೀಲು. ಮನೆಯೊಳಗೆ ಬರಬೇಕಾದವರೂ ಬರಬಾರದವರೂ ನನ್ನ ಸರಕನ್ನು ದಾಟಿಯೇ ಹೋಗಬೇಕು. ಆದರೆ ಅಂಗಡಿಯಿಂದ ಬಂದು ಕಂಪ್ಯೂಟರಿನ ಮುಂದೆ ಕೂತು ಕಿವಿಗೆ ಹೆಡ್‌ಫೋನ್ ಏರಿಸಿದೆನೆಂದರೆ ನಾನು ಬೀಗದವನಲ್ಲ, ಗಡಾರಿ! ಆನ್‌ಲೈನ್ ಯುದ್ಧದಾಟದಲ್ಲಿ ಎಂಬತ್ತನೆಯ ಲೆವೆಲ್ಲಿನ ವೀರ, ನಲವತ್ತು ಜನರ ದಂಡಿನ ನಾಯಕ. ಆ ನಲವತ್ತರಲ್ಲಿ ಒಬ್ಬರ ಮುಖವನ್ನೂ ನಾನು ಕಂಡಿಲ್ಲ. ಉಪನಾಯಕ ಎಲ್ಲೋ ಲೆಕ್ಕದ ಮೇಷ್ಟ್ರು ಎನ್ನುವುದಷ್ಟೇ ಗೊತ್ತು. ಆದರೂ ನಾನು ನುಗ್ಗಿ ಎಂದರೆ ನುಗ್ಗುತ್ತಾರೆ, ನಿಲ್ಲಿ ಎಂದರೆ ನಿಲ್ಲುತ್ತಾರೆ. ಮನೆಯಲ್ಲಿ ಫ್ಯಾನ್ ಆರಿಸಿ ಎಂದರೆ ನಾನೇ ಎದ್ದು ಹೋಗಬೇಕು.

ಹೆಂಡತಿಯ ಆಟಕ್ಕೆ ಕಂಪ್ಯೂಟರೇ ಬೇಡ. ಊಟದ ಮೇಜು, ಪೆನ್ಸಿಲ್ಲು, ಇಪ್ಪತ್ತು ಮುಖದ ಒಂದು ದಾಳ. ಅವಳು ಕಥೆ ಹೇಳುತ್ತಾಳೆ: ನಿಮ್ಮೆದುರು ಮುರಿದ ಸೇತುವೆಯಿದೆ, ಈಗ ಏನು ಮಾಡುತ್ತೀರಿ? ಉಳಿದವರು ತಂತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳಬೇಕು. ಆಯಿತೋ ಕೆಟ್ಟಿತೋ ಎಂಬುದು ದಾಳದ ತೀರ್ಪು. ಪಾತ್ರದ ಶಕ್ತಿ, ಗಾಯ, ಗಂಟುಮೂಟೆ ಎಲ್ಲವೂ ಒಂದೊಂದು ಹಾಳೆಯಲ್ಲಿ. ಮಗಳದು ಗಿಡಮೂಲಿಕೆಯ ವೈದ್ಯೆ. ಪಕ್ಕದ ಮನೆಯ ಹಲ್ಲಿನ ಡಾಕ್ಟರದು ಕಳ್ಳ. ನಾದಿನಿಯದು ಬೆಳ್ಳಿಗರಿ ಎಂಬ ಬಿಲ್ಲುಗಾರ್ತಿ.

ನಾದಿನಿ ಆಸ್ಪತ್ರೆಯಲ್ಲಿ ನರ್ಸು. ಆ ಭಾನುವಾರ ಅವಳಿಗೆ ಡ್ಯೂಟಿ ಬಿತ್ತು. ಅವಳ ಜಾಗದಲ್ಲಿ ಕೂರಲು ನಾನೇ ಮುಂದೆ ಬಂದೆ. ಅವಳು ಹಿಂದಿನ ದಿನವೇ ಬಂದು, ಪ್ಲಾಸ್ಟಿಕ್ ಕವರಿನಲ್ಲಿಟ್ಟ ಬೆಳ್ಳಿಗರಿಯ ಹಾಳೆಯನ್ನು ಎರಡೂ ಕೈಯಲ್ಲಿ ಕೊಟ್ಟಳು.

“ಭಾವ, ಮೂರು ವರ್ಷ ಸಾಕಿದೀನಿ ಇವಳನ್ನ. ನೀವು ಸಾಹಸ ಏನೂ ಮಾಡೋದು ಬೇಡ. ಜೀವಂತ ವಾಪಸ್ ಕೊಟ್ರೆ ಸಾಕು.”

ಬರೆದು ಅಳಿಸಿ, ಅಳಿಸಿ ಬರೆದು ಆ ಹಾಳೆ ಬಟ್ಟೆಯಷ್ಟು ಮೆತ್ತಗಾಗಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ‘ಕತ್ತಲೆಂದರೆ ಭಯ, ಯಾರಿಗೂ ಹೇಳಿಲ್ಲ’ ಎಂದಿತ್ತು. ಯುದ್ಧಕ್ಕೆ ಉಪಯೋಗವಿಲ್ಲದ ವಿವರ ಎಂದು ನಾನು ಮುಂದೆ ಓದಲಿಲ್ಲ.

ಆಟ ಶುರುವಾಗುವ ಮೊದಲೇ ಡಾಕ್ಟರು ನನ್ನನ್ನು ಕೆಣಕಿದರು. ಲೆವೆಲ್ಲು, ಪ್ರಾಣದ ಅಂಕಿ, ಮಂತ್ರವಾದಿ, ವೈದ್ಯ ಎಲ್ಲವನ್ನೂ ಕಂಪ್ಯೂಟರಿನವರು ಕಲಿತದ್ದು ಇಂಥ ಮೇಜಿನಿಂದಲೇ, ನಿಮ್ಮ ಆಟಕ್ಕೆ ಇದು ತವರುಮನೆ ಸಾಹುಕಾರ್ರೇ, ಎಂದರು. ಸಾಲದ್ದಕ್ಕೆ, ಈಗ ತವರಿನವರೂ ಆ ಕಡೆಯಿಂದ ಒಂದೊಂದು ಉಪಾಯ ಕದ್ದು ತರುತ್ತಾರೆ ಎಂದರು. ಹಾಗಾದರೆ ಅಳಿಯ ಬಂದಿದ್ದಾನೆ, ನೋಡಿ ಕಲಿಯಿರಿ ಎಂದು ನಾನು ಕುರ್ಚಿ ಎಳೆದುಕೊಂಡೆ.

ಕಲಿಸಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಕಥೆಯಲ್ಲಿ ಹಗ್ಗ ಮಾರುವ ಅಜ್ಜಿಯೊಬ್ಬಳು ಬಂದು ತನ್ನ ಮಂಡಿನೋವಿನ ಕಥೆ ತೆಗೆದಳು. ನನ್ನ ಆಟದಲ್ಲಾದರೆ ಅಂಗಡಿಯವರ ಮಾತನ್ನು ಒಂದು ಬಟನ್ ಒತ್ತಿ ಹಾರಿಸಬಹುದು. ಇವಳನ್ನೂ ಹಾರಿಸು ಎಂದೆ.

“ಅಜ್ಜಿಗೆ ಬಟನ್ ಇಲ್ಲ ರೀ” ಎಂದಳು ಹೆಂಡತಿ.

ಆಗ ನಾನು ಅಜ್ಜಿಯ ಮನೆಯ ಮಡಕೆಗಳನ್ನು ಒಂದೊಂದಾಗಿ ಒಡೆದು ಒಳಗೆ ನಿಧಿ ಇದೆಯೇ ಎಂದು ನೋಡಿದೆ. ನನ್ನ ಆಟದಲ್ಲಿ ಇದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅಜ್ಜಿ ಬೊಬ್ಬೆ ಹಾಕಿದಳು. ಮಗಳ ವೈದ್ಯೆ ಅವಳ ಮಂಡಿಗೆ ಸೊಪ್ಪಿನ ಪಟ್ಟು ಹಾಕಿ, ಕ್ಷಮೆ ಕೇಳಿ, ಅಂತೂ ನಮ್ಮನ್ನು ಊರಾಚೆ ದಾಟಿಸಿದಳು.

ನಾವು ಹುಡುಕಿ ಹೊರಟಿದ್ದ ಮಾಯಾದೀಪ ಬೆಟ್ಟದ ತುದಿಯಲ್ಲಿ ನಮ್ಮ ಕೈಗೆ ಸಿಕ್ಕಿತು. ಇನ್ನು ಊರಿಗೆ ಮರಳಬೇಕು, ಅಷ್ಟೇ. ಆದರೆ ದಾರಿ ಎರಡು ದಿನದ್ದು, ಹಿಮ ಬೀಳುತ್ತಿದೆ ಎಂದಳು ಹೆಂಡತಿ. ತಕ್ಷಣ ಡಾಕ್ಟರು ಮತ್ತು ಮಗಳು ಕಂಬಳಿಯ ಚರ್ಚೆಗೆ ಇಳಿದರು. ಮೂರು ಜನಕ್ಕೆ ಎರಡು ಕಂಬಳಿ. ಯಾರು ಮಧ್ಯೆ ಮಲಗಬೇಕು? ಇಲ್ಲದ ಕಂಬಳಿಯ ಮೇಲೆ ಇಪ್ಪತ್ತು ನಿಮಿಷ! ಗಡಿಯಾರ ಎರಡೂ ಮುಕ್ಕಾಲು ತೋರಿಸುತ್ತಿತ್ತು.

ಇಲ್ಲಿ ನನ್ನ ಅನುಭವ ಕೆಲಸಕ್ಕೆ ಬಂತು. ನನ್ನ ಆಟದಲ್ಲಿ ಪಳಗಿದವರು ಯಾರೂ ಊರಿಗೆ ನಡೆದು ಹೋಗುವುದಿಲ್ಲ. ಹತ್ತಿರದ ಕಣಿವೆಗೆ ಹಾರುತ್ತಾರೆ. ಸತ್ತವನು ಕಣ್ಣು ಮಿಟುಕಿಸುವಷ್ಟರಲ್ಲಿ ಊರ ಹೆಬ್ಬಾಗಿಲಲ್ಲಿ ಎದ್ದು ನಿಂತಿರುತ್ತಾನೆ. ಕವಚ ಒಂದಿಷ್ಟು ಹರಿದಿರುತ್ತದೆ, ಕಾಲು ನೋಯುವುದಿಲ್ಲ. ಸಾವಿನಷ್ಟು ಸಲೀಸಾದ ಸಾರಿಗೆ ಇನ್ನೊಂದಿಲ್ಲ.

“ನಾನು ಕಣಿವೆಗೆ ಹಾರ್ತೀನಿ” ಎಂದೆ.

ಹೆಂಡತಿ ಪೆನ್ಸಿಲ್ಲು ಕೆಳಗಿಟ್ಟಳು. ಖಂಡಿತವೇ ಎಂದು ಕೇಳಿದಳು. ಖಂಡಿತ ಎಂದೆ. ಇನ್ನೊಮ್ಮೆ ಕೇಳಿದಳು. ಗಿರಾಕಿಗಿಂತ ಹೆಚ್ಚು ಚೌಕಾಸಿ ಮಾಡುತ್ತೀಯಲ್ಲ ಎಂದು ರೇಗಿಸಿ ದಾಳ ಉರುಳಿಸಿದೆ. ಬಿದ್ದದ್ದು ಒಂದು, ಇಪ್ಪತ್ತರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು.

“ಬೆಳ್ಳಿಗರಿ ಸತ್ತಳು.”

“ಗೊತ್ತು. ಈಗ ಊರ ಬಾಗಿಲಲ್ಲಿ ಎದ್ದಿದಾಳೆ. ನೀವು ಕಂಬಳಿ ಹೊದ್ಕೊಂಡು ನಿಧಾನಕ್ಕೆ ಬನ್ನಿ.”

ಡಾಕ್ಟರು ಕನ್ನಡಕ ತೆಗೆದು ಒರೆಸತೊಡಗಿದರು. ಮಗಳ ಕಣ್ಣು ತುಂಬಿತ್ತು.

“ಅಪ್ಪ, ಇಲ್ಲಿ ಸತ್ರೆ ಸತ್ತ ಹಾಗೇ. ಚಿಕ್ಕಮ್ಮಂಗೆ ಏನಂತ ಹೇಳ್ತೀಯ?”

ನಾದಿನಿ ಆ ಹಾಳೆಯನ್ನು ಎರಡೂ ಕೈಯಲ್ಲಿ ಕೊಟ್ಟಿದ್ದು ಆಗ ನೆನಪಾಯಿತು. ತಕ್ಷಣ ವ್ಯಾಪಾರಕ್ಕೆ ಇಳಿದೆ. ಒಂದು ತಿಂಗಳು ಪಾತ್ರೆ ತೊಳೆಯುತ್ತೇನೆ ಎಂದು ಹೆಂಡತಿಗೆ ಆಸೆ ತೋರಿಸಿದೆ. ಎರಡು ತಿಂಗಳಿಗೆ ಏರಿಸಿದೆ. ಅವಳು ಮಿಸುಕಲಿಲ್ಲ.

“ಮನೆ ಮಾತು ಮನೇಲಿ. ಇಲ್ಲಿ ನಾನು ಸಾವಿನ ಬಾಗಿಲು ಕಾಯೋಳು. ಮಾತಾಡೋದಿದ್ರೆ ಅವಳ ಹತ್ರ ಮಾತಾಡಿ.”

ಸರಿ, ಮಾತಾಡಿದೆ. ಅವತ್ತು ಮೊದಲ ಸಲ ನಿಜವಾಗಿ ಆಡಿದೆ. ಮೊದಲು ಬಾಗಿಲನ್ನು ಹೊಗಳಿದೆ. ಇಷ್ಟು ಜನ ಓಡಾಡುವ ಬಾಗಿಲು, ಕೀಲು ಕಿರುಗುಟ್ಟುವುದಿಲ್ಲವೇ ತಾಯಿ, ಎಂದು ವಿಚಾರಿಸಿದೆ. ಕಿರುಗುಟ್ಟುತ್ತದೆ, ನಿದ್ದೆ ಬರುವುದಿಲ್ಲ ಎಂದಳು ಕಾಯುವವಳು. ಎಣ್ಣೆ ಹಾಕಿಕೊಟ್ಟೆ. ಹೊಸ ಚಿಲಕ ಕೂರಿಸಿದೆ. ಕೊನೆಗೆ, ಒಳಗೆ ಕತ್ತಲಿದೆ, ಆ ಹುಡುಗಿಗೆ ಕತ್ತಲೆಂದರೆ ಭಯ, ಯಾರಿಗೂ ಹೇಳಿಲ್ಲ ಎಂದೆ. ಮೇಜಿನ ಆಚೆ ಹೆಂಡತಿಯ ಮುಖ ಕೊಂಚ ಸಡಿಲವಾಯಿತು.

“ಬಿಡ್ತೀನಿ. ಆದ್ರೆ ಜೀವಕ್ಕೆ ಜೀವ ಬೇಕು. ಅಷ್ಟೇ ಅಕ್ಕರೆಯಿಂದ ಸಾಕಿದ ಜೀವ.” ಅವಳ ಕಣ್ಣು ನನ್ನನ್ನು ದಾಟಿ ಮೂಲೆಯ ಕಂಪ್ಯೂಟರಿನ ಮೇಲೆ ನಿಂತಿತು. “ಗಡಾರಿ ಹೋಗ್ಲಿ. ಅವನು ಮತ್ತೆ ಎದ್ದ ದಿನ ಇವಳು ಮತ್ತೆ ಬೀಳ್ತಾಳೆ.”

ನಾಲ್ಕು ವರ್ಷ ಬೆಳೆಸಿದ ಗಡಾರಿ! ಆದರೆ ವ್ಯಾಪಾರಿಯ ಮೆದುಳು ಅಷ್ಟರಲ್ಲೇ ಒಂದು ಕಿಂಡಿ ಹುಡುಕಿತ್ತು. ಅಳಿಸಿಹಾಕಿದ ವೀರರನ್ನು ನಮ್ಮ ಆಟದವರು ಒಂದು ವಾರ ಹಾಗೇ ಇಟ್ಟಿರುತ್ತಾರೆ. ಅರ್ಜಿ ಹಾಕಿದರೆ ವಾಪಸ್ ಕೊಡುತ್ತಾರೆ. ಇದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಾನು ನಿಟ್ಟುಸಿರು ಬಿಟ್ಟು, ನಡುಗುವ ಬೆರಳಿನಿಂದ, ಎಲ್ಲರೂ ನೋಡುವಂತೆ ಗಡಾರಿಯನ್ನು ಅಳಿಸಿದೆ. ಮಗಳು ಓಡಿಬಂದು ತಬ್ಬಿಕೊಂಡಳು. ಡಾಕ್ಟರು ಎದ್ದು ನಿಂತು ಕೈಕುಲುಕಿದರು. ಅಂಥ ಮರ್ಯಾದೆ ನನಗೆ ಆ ಮೇಜಿನಲ್ಲಿ ಊಟಕ್ಕೆ ಕೂತಾಗಲೂ ಸಿಕ್ಕಿರಲಿಲ್ಲ.

ದಂಡಿಗೆ ಏನಾದರೂ ಹೇಳಬೇಕಲ್ಲ? ಚಿಕ್ಕದೊಂದು ಸಂದೇಶ ಕಳಿಸಿದೆ: ‘ಗಡಾರಿ ಇನ್ನಿಲ್ಲ. ಕಣಿವೆಗೆ ಬಿದ್ದ ಬಿಲ್ಲುಗಾರ್ತಿಯೊಬ್ಬಳ ಪ್ರಾಣಕ್ಕೆ ತನ್ನ ಪ್ರಾಣ ತೆತ್ತ.’ ಕಣಿವೆಗೆ ಬೀಳಿಸಿದ್ದು ಯಾರೆಂದು ಬರೆಯಲಿಲ್ಲ. ಮೂರು ದಿನ ಕೊರಗಲಿ, ನಾಲ್ಕನೆಯ ದಿನ ಎದ್ದು ಬಂದರೆ ನಗಾರಿ ಬಾರಿಸಿ ಮೆರವಣಿಗೆ ಮಾಡುತ್ತಾರೆ ಎಂಬುದು ನನ್ನ ಲೆಕ್ಕಾಚಾರ.

ಸೋಮವಾರ ಸಂಜೆ ನಾದಿನಿ ಬಂದಳು. ಹಾಳೆಯ ಕೊನೆಗೆ ಮಗಳು ಬರೆದಿದ್ದ ‘ಒಮ್ಮೆ ಸತ್ತು ಬಂದವಳು’ ಎಂಬ ಸಾಲನ್ನು ಬೆರಳಿನಿಂದ ಸವರಿದಳು.

“ಅಕ್ಕ ಎಲ್ಲ ಹೇಳಿದ್ಲು ಭಾವ. ಇವಳಿಗೋಸ್ಕರ ನಿಮ್ಮ ಗಡಾರಿನೇ ಕೊಟ್ರಂತೆ. ನಾನು ನಿಮ್ಮನ್ನ ಬರೀ ಬೀಗದ ಮನುಷ್ಯ ಅಂದ್ಕೊಂಡಿದ್ದೆ.”

ನನ್ನ ಆತ್ಮಸಾಕ್ಷಿ ಚುಚ್ಚಿತು. ಬುಧವಾರದವರೆಗೂ ಚುಚ್ಚುತ್ತಲೇ ಇತ್ತು.

ಬುಧವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು, ಅಲ್ಲಿನ ಕಂಪ್ಯೂಟರಿನಲ್ಲೇ ಅರ್ಜಿ ಹಾಕಿದೆ. ಐದೇ ನಿಮಿಷದಲ್ಲಿ ಗಡಾರಿ ಊರ ಹೆಬ್ಬಾಗಿಲಲ್ಲಿ ಕಣ್ಣು ಬಿಟ್ಟ. ಚೌಕದಲ್ಲಿ ಇಡೀ ದಂಡು ಆಯುಧ ಕೆಳಗಿಟ್ಟು ದುಂಡಗೆ ಕೂತಿತ್ತು. ನಾಲ್ಕು ವರ್ಷ ‘ಔಷಧಿ ಕೊಡಿ’, ‘ಹಿಂದೆ ಬನ್ನಿ’ ಬಿಟ್ಟು ಬೇರೆ ಮಾತಾಡದ ಜನ ಈಗ ಒಬ್ಬರಾದ ಮೇಲೆ ಒಬ್ಬರು ಕಥೆ ಹೇಳುತ್ತಿದ್ದರು. ಗಡಾರಿಯ ತಾಯಿ ಯಾರು, ಅವನಿಗೆ ಯಾವುದಕ್ಕೆ ಭಯವಿತ್ತು, ಹಿಮದಲ್ಲಿ ತನ್ನ ಕಂಬಳಿಯನ್ನು ಯಾರಿಗೆ ಹೊದಿಸಿದ್ದ. ಒಂದೂ ನಡೆದದ್ದಲ್ಲ. ಕೇಳುತ್ತಾ ಕೇಳುತ್ತಾ ನನಗೇ ಅಳು ಬಂತು.

ಉಪನಾಯಕ ಮೇಷ್ಟ್ರು ನನ್ನನ್ನು ಮೊದಲು ಕಂಡರು. ಸರಸರನೆ ಬಂದು ಗೋಡೆಯ ಮರೆಗೆ ಕರೆದೊಯ್ದರು. ಇನ್ನು ಮುಂದೆ ನಮ್ಮ ದಂಡಿನಲ್ಲಿ ಸತ್ತವರು ಸತ್ತ ಹಾಗೇ ಎಂದು ಎಲ್ಲರೂ ಕೂಡಿ ನಿಯಮ ಮಾಡಿಕೊಂಡಿದ್ದಾರಂತೆ. ಆಟಕ್ಕೆ ಹೊಸ ಕಳೆ ಬಂದಿದೆಯಂತೆ.

“ಹಾಗಾದ್ರೆ ನಾನು?” ಎಂದೆ.

“ನಾಯಕರೇ, ಮೂರು ದಿನದಿಂದ ನಿಮ್ಮ ಬಗ್ಗೆ ಬರೀ ಒಳ್ಳೇ ಮಾತೇ ಬರ್ತಿದೆ. ನೀವಿದ್ದಾಗ ಒಂದೂ ಬಂದಿರ್ಲಿಲ್ಲ. ಈಗ ಎದ್ದು ಬಂದು ಕೆಡಿಸ್ಬೇಡಿ. ಬರ್ಲೇಬೇಕು ಅಂದ್ರೆ ಬೇರೆ ಹೆಸರಲ್ಲಿ, ಒಂದನೇ ಲೆವೆಲ್ಲಿಂದ ಬನ್ನಿ. ನಿಮ್ಮ ಪ್ರತಿಮೆಗೆ ಕಲ್ಲು ಹೊರೋಕೆ ಜನ ಸಾಲ್ತಿಲ್ಲ.”

ಗಡಾರಿಯನ್ನು ಮತ್ತೆ ಅಳಿಸಿದೆ. ಈ ಸಲ ಬೆರಳು ನಿಜವಾಗಿಯೂ ನಡುಗಿತು. ಬೆಳ್ಳಿಗರಿ ಸುಖವಾಗಿದ್ದಾಳೆ. ನಾನು ಹೊಸ ಹೆಸರಿನಲ್ಲಿ ಒಂದು ವಾರದಿಂದ ಕಲ್ಲು ಹೊರುತ್ತಿದ್ದೇನೆ. ಪ್ರತಿಮೆಯ ಹೊಟ್ಟೆಯನ್ನು ಇದ್ದದ್ದಕ್ಕಿಂತ ದೊಡ್ಡದಾಗಿ ಕೆತ್ತುತ್ತಿದ್ದಾರೆ ಎಂದು ನನಗೆ ಅನ್ನಿಸುತ್ತಿದೆ. ಆದರೆ ಒಂದನೆಯ ಲೆವೆಲ್ಲಿನವರ ಮಾತನ್ನು ಅಲ್ಲಿ ಬಟನ್ ಒತ್ತಿ ಹಾರಿಸಿಬಿಡುತ್ತಾರೆ.